ತಡದ ಗಾಡಿ

ನಾಳೆ ಏಳಕ್ಕೆ ಬುಲ್ಡೋಜರ್ ಬರುತ್ತದೆ ಅಂದೆಯಲ್ಲ, ರಾದೋವಾನ್,
ಹಾಗಿದ್ದರೆ ಈಗಲೇ ಅಗೆ.
ಸಲಿಕೆ ಬೇಡ, ಹಲ್ಲುಗುದ್ದಲಿ ತಗೋ.
ಒಂದು ಮೊಳ ದೂರದಲ್ಲಿ ಚುಚ್ಚಿ, ನಿಧಾನ ಮೀಟು.
ಬಂತಲ್ಲ.
ಶುಂಠಿಯ ಹಾಗಿದೆ ಅನ್ನುತ್ತೀಯಾ? ಎಲ್ಲರೂ ಅನ್ನುತ್ತಾರೆ.
ಶುಂಠಿಗೆ ಇಷ್ಟು ಹಟವಿಲ್ಲ.

ನೀನು ಕೆಡವಲು ಬಂದ ಈ ಸಿಗ್ನಲ್ ಕ್ಯಾಬಿನ್ನಿನಲ್ಲಿ
ಮೂವತ್ತೊಂದು ವರ್ಷ ಸನ್ನೆಗೋಲು ಎಳೆದವನು ಬೊಹುಮೀರ್ ಕಲಾಬ್.
ನಾನು ಕೆಳಗೆ, ಟಿಕೆಟ್ ಕಿಟಕಿಯಲ್ಲಿ.
ಬ್ರ್ನೋ ಗಾಡಿ ಹೋಗಿ ಓಲೊಮೌತ್ಸ್ ಗಾಡಿ ಬರುವ ನಡುವೆ
ನಲವತ್ತು ನಿಮಿಷ.
ಅಷ್ಟರಲ್ಲಿ ಅವನು ಹಳಿಯ ಪಕ್ಕ ಮಂಡಿಯೂರಿ
ಹೆಂಡತಿ ಹುಬ್ಬು ಕೀಳುವ ಚಿಮಟದಲ್ಲಿ
ಒಂದು ಹೂವಿನ ಪರಾಗ ಇನ್ನೊಂದರ ತುಟಿಗೆ ಸವರುತ್ತಿದ್ದ.
ಮದುವೆ ಮಾಡಿಸುವ ಪಾದ್ರಿಗೂ
ಅಷ್ಟು ಗಂಭೀರ ಮುಖ ನಾನು ಕಂಡಿಲ್ಲ.
ಬೀಜ ಬಲಿತು, ಚಳಿಗಾಲದ ಹಿಮ ಕುಡಿದು, ಮೊಳೆತು
ಮೊದಲ ಹೂವಿಗೆ ಮೂರು ವರ್ಷ.
ಇನ್ನೂರ ಹದಿನಾರು ಸಸಿಗಳಲ್ಲಿ ಇನ್ನೂರ ಹದಿನೈದನ್ನು
ತಾನೇ ಕಿತ್ತು ಗೊಬ್ಬರದ ಗುಂಡಿಗೆ ಎಸೆದ.
ಉಳಿದದ್ದು ಇದು.

ಬಣ್ಣವಾ?
ಹೂ ಮುಗಿದ ಮೇಲೆ ಬಂದು ಬಣ್ಣ ಕೇಳುತ್ತೀಯ.
ಮೇಲಿನ ಮೂರು ದಳ ನೆಟ್ಟಗೆ, ಹೊಗೆ ಹಿಡಿದ ಜೇನಿನ ಬಣ್ಣ.
ಕೆಳಗಿನ ಮೂರು ಇಳಿಬಿದ್ದು—
ಜೇಬಿನಲ್ಲಿ ಪ್ಲಮ್ ಹಣ್ಣು ಮರೆತು ಕೂತರೆ
ಬಟ್ಟೆಗೆ ಹತ್ತುತ್ತದಲ್ಲ, ಅದು.
ನಡುವೆ ಗಡ್ಡ, ಕಂಬಳಿಹುಳುವಿನಷ್ಟು ದಪ್ಪ,
ಎಚ್ಚರಿಕೆ ದೀಪದ ಕಿತ್ತಳೆ.
ಕಾಂಡ ನನ್ನ ಎದೆಮಟ್ಟ. ವಾಸನೆ ಆರಿದ ಕೋಕೋದ್ದೋ, ದ್ರಾಕ್ಷಿಯದೋ,
ಈ ವಿಷಯದಲ್ಲಿ ನಾವಿಬ್ಬರೂ ಒಮ್ಮೆಯೂ ಒಪ್ಪಲಿಲ್ಲ.

ಮಿಕ್ಕ ಐರಿಸ್‌ಗಳೆಲ್ಲ ಮೇ ತಿಂಗಳಲ್ಲಿ ಮೆರೆದು ಬಾಡಿ,
ತೀರ್ಪುಗಾರರು ಪದಕ ಹಂಚಿ ಊರಿಗೆ ಮರಳಿದ ಮೇಲೆ
ಜೂನ್ ಎರಡನೇ ವಾರ ಇದು ಬಾಯಿ ಬಿಡುತ್ತಿತ್ತು.
‘ತಡದ ಗಾಡಿ’ ಎಂದು ನಕ್ಕ ಬೊಹುಮೀರ್.
ಅದೇ ಹೆಸರಾಯಿತು. ಯಾವ ಪಟ್ಟಿಯಲ್ಲೂ ಇಲ್ಲ.
ಕೊನೆಯ ಪ್ಯಾಸೆಂಜರ್ ನಿಂತ ವರ್ಷ, ಮಾರ್ಚಿನಲ್ಲಿ, ಅವನೂ ಹೋದ.
ಜೂನಿನಲ್ಲಿ ಹದಿನೇಳು ಕಾಂಡ.
ನಾನೊಬ್ಬಳೇ ಎಣಿಸಿದೆ, ಎರಡು ಸಲ.

ಈಗ ಕೇಳು. ಬರೆದುಕೊಳ್ಳಬೇಡ, ಕೈ ಮಣ್ಣಾಗಿದೆ.
ನಡುವಿನ ಈ ಮುದಿ ಗೆಡ್ಡೆ ಹೂಬಿಟ್ಟಾಗಿದೆ,
ಒಮ್ಮೆ ಬಿಟ್ಟದ್ದು ಮತ್ತೆ ಬಿಡುವುದಿಲ್ಲ.
ಅದರ ಪಕ್ಕೆಯಿಂದ ಹೊರಟಿವೆಯಲ್ಲ, ಹೆಣ್ಣುಮಕ್ಕಳು,
ಅವನ್ನು ಮುರಿದುಕೋ.
ಮುದುಕಿಯನ್ನು ಇಲ್ಲೇ ಬಿಡು.
ಹಾಗೆ ನೋಡಬೇಡ ನನ್ನನ್ನು,
ನಾನು ಗೆಡ್ಡೆಯ ಮಾತಾಡುತ್ತಿದ್ದೇನೆ.

ಎಲೆಗಳನ್ನು ಗೇಣುದ್ದಕ್ಕೆ ಬೀಸಣಿಗೆಯಂತೆ ಕತ್ತರಿಸು.
ಮೆತ್ತಗಾದ ಕಡೆ ನಾರುತ್ತದೆ, ಚಮಚದಿಂದ ಕೆರೆದು ತೆಗೆ,
ಎರಡು ದಿನ ಬಿಸಿಲು ಕಾಣಿಸು.
ನೆಡುವಾಗ ಹೂಳಬೇಡ.
ಬೇರು ಮಣ್ಣೊಳಗೆ, ಬೆನ್ನು ಬಿಸಿಲಿಗೆ,
ಕೊಳದ ಮೇಲೆ ಬಾತು ಕೂತ ಹಾಗೆ.
ಅಷ್ಟು ಬೆತ್ತಲೆ ಬಿಡಲು ಭಯವಾಗುತ್ತದೆ ನಿನಗೆ.
ಆಗಲಿ, ಆದರೂ ಬಿಡು.
ಹಸಿ ಗೊಬ್ಬರ ಬೇಡ. ಬೇರು ಹಿಡಿಯುವ ತನಕ ನೀರು, ಆಮೇಲೆ ಅದೂ ಬೇಡ.
ಹಳಿಯ ಜಲ್ಲಿಯಲ್ಲಿ ಬೆಳೆದದ್ದು,
ಮುದ್ದು ಮಾಡಿದರೆ ಕೊಳೆಯುತ್ತದೆ.
ನೀರು ಹಾಕಲೇಬೇಕು ಅನ್ನಿಸಿದಾಗ
ಕೈ ಕಟ್ಟಿಕೊಂಡು ನಿಂತುಕೋ.

ಮುಂದಿನ ವರ್ಷ ಬರೀ ಎಲೆ ಬಂದರೆ ಬೈಯಬೇಡ.
ಅದರಾಚೆಯ ವರ್ಷವೂ.
ಬಂದಾಗ ಯಾರನ್ನಾದರೂ ಕರೆದು ವಾಸನೆ ಕೇಳು,
ದ್ರಾಕ್ಷಿ ಅಂದರೆ ಅವರು ಸುಳ್ಳರು.

ಹೆಸರನ್ನು ಎಲೆಯ ಮೇಲೆಯೇ ಬರೆ, ಈ ಪೆನ್ನು ತಗೋ.
ಪ್ಲಾಸ್ಟಿಕ್ ಬೇಡ, ಬೆವರುತ್ತದೆ, ಹಳೇ ಪೇಪರಿನಲ್ಲಿ ಸುತ್ತು.
ಗೋಣಿಚೀಲ ಕೊಡುತ್ತೇನೆ. ಅದು ರೈಲ್ವೆಯದು,
ವಾಪಸ್ ತಂದುಕೊಡು.